ಪರ್ವತ ಗೆದ್ದವರನ್ನು ಮಣಿಸಿದ ಮಲೇರಿಯಾ

ಇಟಲಿಯ ಸೈಕಲ್ ವೀರ ಫೌಸ್ಟೊ ಕೊಪ್ಪಿ 1919ರ ಸೆಪ್ಟೆಂಬರ್ 15ರಂದು ಕಾಸ್ಟೆಲಾನಿಯಾ ಗ್ರಾಮದಲ್ಲಿ ಜನಿಸಿದರು. ಹುಡುಗನಾಗಿದ್ದಾಗ ಮಾಂಸದಂಗಡಿಯ ಸರಕನ್ನು ಸೈಕಲ್ಲಿನಲ್ಲಿ ಮನೆಮನೆಗೆ ತಲುಪಿಸುತ್ತಿದ್ದ ಅವರು, 1940ರಲ್ಲಿ 20ನೇ ವಯಸ್ಸಿಗೇ ಜಿರೊ ಡಿ ಇಟಾಲಿಯಾ ಗೆದ್ದರು. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿ ಬ್ರಿಟಿಷರ ಸೆರೆಯನ್ನೂ ಕಂಡರು.

1952ರ ಜುಲೈ 4ರಂದು ಟೂರ್ ಡಿ ಫ್ರಾನ್ಸ್‌ನ ಒಂದು ಹಂತ ಮೊದಲ ಬಾರಿಗೆ ಪರ್ವತದ ಮೇಲೆ ಮುಕ್ತಾಯಗೊಂಡಿತು. ಆಲ್ಪ್ ದುವೆಜ್ ಎಂಬ ಸ್ಕೀಯಿಂಗ್ ತಾಣಕ್ಕೆ ಏರುವ ಆ ರಸ್ತೆಯ ಉದ್ದ ಸುಮಾರು 14 ಕಿ.ಮೀ.; ಹೇರ್‌ಪಿನ್ ತಿರುವುಗಳು 21. ಫ್ರಾನ್ಸಿನ ಜಾನ್ ರೋಬಿಕ್ ಅವರನ್ನು ಹಿಂದಿಕ್ಕಿ ಕೊಪ್ಪಿ ಒಬ್ಬರೇ ಮೇಲೇರಿದರು. ಆ ವರ್ಷ ಎರಡೂ ಮಹಾ ಸ್ಪರ್ಧೆಗಳ ಕಿರೀಟ ಅವರದಾಯಿತು.

1959ರ ಡಿಸೆಂಬರ್‌ನಲ್ಲಿ, ಇಂದಿನ ಬುರ್ಕಿನಾ ಫಾಸೊ ದೇಶಕ್ಕೆ ತೆರಳಿದ್ದ ಅವರಿಗೆ ಮಲೇರಿಯಾ ತಗುಲಿತು. ಇಟಲಿಯ ವೈದ್ಯರು ರೋಗವನ್ನು ಗುರುತಿಸಲಿಲ್ಲ. ಜೊತೆಗೆ ಹೋಗಿದ್ದ ಫ್ರಾನ್ಸಿನ ಸ್ಪರ್ಧಿ ರಫಾಯೆಲ್ ಜೆಮಿನಿಯಾನಿ ಅವರಿಗೂ ಅದೇ ಜ್ವರ. ಕ್ವಿನೈನ್ ಸಿಕ್ಕಿದ್ದರಿಂದ ಅವರು ಬದುಕುಳಿದರು. ಕೊಪ್ಪಿ 1960ರ ಜನವರಿ 2ರಂದು ನಿಧನರಾದರು. ಆಗ ಅವರಿಗೆ ಕೇವಲ 40 ವರ್ಷ.