ಶೃಂಗೇರಿಯ ಕಾಗದದ ಕಟ್ಟು ಬಿಚ್ಚಿದ ಆರ್. ನರಸಿಂಹಾಚಾರ್

ಶೃಂಗೇರಿ, ಕೊಪ್ಪ ಕಡೆಯಿಂದ ಬೆಂಗಳೂರಿಗೆ ಹೋದ್ರೆ ಕಸ್ತೂರಬಾ ರಸ್ತೆಯಲ್ಲಿ ನಾವು ಮೊದಲು ನುಗ್ಗೋದು ವಿಶ್ವೇಶ್ವರಯ್ಯ ಮ್ಯೂಸಿಯಂಗೆ. ಇಂಜಿನಿಯರಿಂಗ್ ಓದೋರಿಗೆ ಅದು ಸಹಜ. ಅದೇ ರಸ್ತೆಯಲ್ಲಿ 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯವೂ ಇದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ಕಥೆ ಹೇಳುವ ಆತಕೂರಿನ ಕಲ್ಲು ಈ ಸಂಗ್ರಹದ್ದು. ಸಾವಿರ ವರ್ಷದ ಹಿಂದಿನ ಇಂಥ ಅಕ್ಷರಗಳನ್ನ ಕೂತು ಓದಿದವರು ಯಾರು ಅಂತ ಮಾತ್ರ ನಾವು ಕೇಳೋದಿಲ್ಲ. ಆ ಕೆಲಸಕ್ಕೇ ಬದುಕು ಕೊಟ್ಟವರಲ್ಲಿ ಒಬ್ಬರು ಆರ್. ನರಸಿಂಹಾಚಾರ್. ಅವರ ಕಥೆಯಲ್ಲಿ ನಮ್ಮ ಶೃಂಗೇರಿಯೂ ಇದೆ.

ಅವರು ಹುಟ್ಟಿದ್ದು 1860ರಲ್ಲಿ, ಮಂಡ್ಯ ಸೀಮೆಯಲ್ಲಿ. ಮದರಾಸು ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಎಂ.ಎ. ಮಾಡಿದ ಮೊದಲಿಗರು. ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ನಂತರ, 1906ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆ ಇವರ ಹೆಗಲಿಗೆ ಬಂತು. ಇವರು ಶಾಸನಗಳಿಗಷ್ಟೇ ನಿಲ್ಲಲಿಲ್ಲ. ಗುಡಿಗಳ ತಳವಿನ್ಯಾಸ, ಕಂಬ, ಶಿಲ್ಪ, ಫೋಟೋ ಎಲ್ಲವೂ ಇಲಾಖೆಯ ವರದಿಗಳಲ್ಲಿ ಬರತೊಡಗಿದವು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ದೇವಾಲಯಗಳ ಬಗ್ಗೆ ಒಂದೊಂದು ಪುಸ್ತಕವನ್ನೇ ಬರೆದರು.

1916ರಲ್ಲಿ ಶೃಂಗೇರಿ ಮಠದ ಹಳೆಯ ಕಾಗದಗಳ ನಡುವೆ ಅವರಿಗೆ ಒಂದು ಕಟ್ಟು ಸಿಕ್ಕಿತು. ಬಿಚ್ಚಿದರೆ, ಟಿಪ್ಪು ಸುಲ್ತಾನ್ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಸುಮಾರು 30 ಪತ್ರಗಳು! 1791ರಲ್ಲಿ ಮರಾಠಾ ಸೈನ್ಯದ ಕುದುರೆ ಸವಾರರು ಶೃಂಗೇರಿಯನ್ನು ದೋಚಿದ್ದರು, ಶಾರದಾಂಬೆಯ ಮೂರ್ತಿಯೇ ಸ್ಥಳ ತಪ್ಪಿತ್ತು. ಮತ್ತೆ ಪ್ರತಿಷ್ಠೆ ಮಾಡಲು 200 ರಾಹತಿ ನಗದು ಕೊಡುವಂತೆ ನಗರದ ಅಸಫನಿಗೆ ಟಿಪ್ಪು ಹುಕುಂ ಕಳಿಸಿದ್ದ. ನರಸಿಂಹಾಚಾರ್ ಇದನ್ನೆಲ್ಲ ಆ ವರ್ಷದ ವರದಿಯಲ್ಲೇ ಪ್ರಕಟಿಸಿದರು. ಟಿಪ್ಪು ಬಗ್ಗೆ ಇವತ್ತಿಗೂ ವಾದ ಮುಗಿದಿಲ್ಲ. ಆದರೆ ಯಾವ ಕಡೆಯವರೇ ವಾದ ಮಾಡಲಿ, ಈ ಪತ್ರಗಳನ್ನು ಪಕ್ಕಕ್ಕಿಟ್ಟು ಮಾತಾಡೋಕಾಗಲ್ಲ.

ಕಚೇರಿ ಕೆಲಸದ ಜೊತೆಗೇ ಅವರು ಕರ್ನಾಟಕ ಕವಿಚರಿತೆಗೂ ದುಡಿದರು. ಮೊದಲ ಸಂಪುಟ ಬಂದದ್ದು 1907ರಲ್ಲಿ, ಮೂರನೆಯದು 1929ರಲ್ಲಿ. ಕವಿಯ ಹೆಸರು, ಕಾಲ, ಕೃತಿ ಅಂತ ಒಂದೊಂದನ್ನೂ ಓಲೆಗರಿ, ಶಾಸನಗಳಿಂದ ಹೆಕ್ಕಿ ಜೋಡಿಸಿದ ಕೆಲಸ ಅದು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಡೇಟಾಬೇಸನ್ನ ಕಂಪ್ಯೂಟರ್ ಇಲ್ಲದೆ ಕಟ್ಟಿದ ಹಾಗೆ. 1918ರಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರನ್ನು ಹುಡುಕಿಕೊಂಡು ಬಂತು. 1922ರಲ್ಲಿ ನಿವೃತ್ತರಾದರು, 1936ರಲ್ಲಿ ತೀರಿಕೊಂಡರು.

ನಮ್ಮ ಮಲೆನಾಡಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಇನ್ನೂ ಕಡತ, ಓಲೆಗರಿ, ಹಳೇ ಲೆಕ್ಕದ ಪುಸ್ತಕ ಇರ್ತವೆ. ಮನೆ ರಿಪೇರಿ ಅಂದ ಕೂಡಲೇ ಅವು ಒಲೆಗೋ ಗುಜರಿಗೋ ಹೋಗ್ತವೆ. ಹಾಗೆ ಕೊಡೋ ಮೊದಲು ಒಂದು ಸಲ ಬಿಚ್ಚಿ ನೋಡೋಣ, ಮೊಬೈಲಲ್ಲಿ ಫೋಟೋನಾದ್ರೂ ತೆಗೆದಿಡೋಣ. ನಮಗೆ ಓದೋಕೆ ಬರದಿದ್ರೂ ಓದಬಲ್ಲವರು ಇದ್ದಾರೆ.