ದಿವಾನ್ ಪೂರ್ಣಯ್ಯನವರು

ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಯಳಂದೂರು ನಮ್ಮ ತಾಳವಾಡಿಯವರಿಗೆ ದೂರದ ಊರೇನಲ್ಲ. ಆ ಊರು ಒಂದು ಕಾಲದಲ್ಲಿ ಜಹಗೀರಾಗಿತ್ತೆಂಬುದನ್ನೂ, ಅದನ್ನು ಪಡೆದ ಮಹನೀಯರು ನಮ್ಮ ಘಟ್ಟದ ಕೆಳಗಣ ಕೊಯಮತ್ತೂರು ಸೀಮೆಯಲ್ಲಿ ಜನಿಸಿದವರೆಂಬುದನ್ನೂ ನಮ್ಮ ಮಕ್ಕಳಲ್ಲಿ ಅನೇಕರು ಅರಿಯರು. ಸಂಘದ ಈ ವಾರ್ಷಿಕ ಸಂಚಿಕೆಗೆ ದಿವಾನ್ ಪೂರ್ಣಯ್ಯನವರ ವೃತ್ತಾಂತವನ್ನು ಬರೆಯಲು ನಾವು ತೊಡಗಿದುದು ಇದೇ ಕಾರಣದಿಂದ.

ಪೂರ್ಣಯ್ಯನವರು ಹುಟ್ಟಿದುದು 1746ರಲ್ಲಿ, ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಹೊಟ್ಟೆಪಾಡಿಗಾಗಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ನಿಂತನು. ಹೈದರಾಲಿಯ ಅರಮನೆಗೆ ದಿನಸಿ ಒದಗಿಸುತ್ತಿದ್ದ ಅನ್ನದಾನ ಶೆಟ್ಟಿಯೆಂಬ ವರ್ತಕನ ಪರಿಚಯದಿಂದ ಆ ಲೇಖನಿ ಶ್ರೀರಂಗಪಟ್ಟಣವನ್ನು ಮುಟ್ಟಿತು. ಹೈದರನಿಗೆ ಅಕ್ಷರ ಬಾರದು. ಆದರೆ ಅಸಾಧಾರಣವಾದ ನೆನಪಿನ ಶಕ್ತಿ. ಅಂತಹ ಒಡೆಯನ ಮುಂದೆ ತಪ್ಪು ಲೆಕ್ಕ ಒಪ್ಪಿಸಿ ಬದುಕುವುದು ಸಾಧ್ಯವಿರಲಿಲ್ಲ. ಪೂರ್ಣಯ್ಯನವರ ಲೆಕ್ಕ ತಪ್ಪಲಿಲ್ಲ. ಕನ್ನಡ, ಸಂಸ್ಕೃತ, ಪಾರಸಿಗಳಲ್ಲಿ ಅವರಿಗೆ ಪರಿಶ್ರಮವಿತ್ತು, ಇಂಗ್ಲಿಷ್ ತಿಳಿಯುತ್ತಿತ್ತು. ಮಕ್ಕಳಿಗೆ ಮೂರು ಭಾಷೆ ಹೊರೆಯಾಯಿತೆಂದು ಕೊರಗುವ ನಮ್ಮ ಗಡಿನಾಡಿನ ತಂದೆತಾಯಿಗಳು ಇದನ್ನು ಗಮನಿಸಬೇಕು.

1782ರ ಡಿಸೆಂಬರ್ 7ರಂದು ಹೈದರಾಲಿಯು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು. ಮಗ ಟಿಪ್ಪು ಮಲೆಯಾಳದ ಕರಾವಳಿಯಲ್ಲಿ ಯುದ್ಧದಲ್ಲಿದ್ದನು. ಸುದ್ದಿ ಹೊರಬಿದ್ದರೆ ದಂಡು ಚದರುವುದು ನಿಶ್ಚಯ. ಆಗ ಪೂರ್ಣಯ್ಯನವರೂ ಕೃಷ್ಣರಾಯರೂ ಇತರ ಆಪ್ತರೂ ಕೂಡಿ ಆ ಮರಣವನ್ನು ಮರೆಮಾಡಿ, ಶವವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿ, ಟಿಪ್ಪು ಬಂದು ಸೇರುವವರೆಗೆ ರಾಜ್ಯವನ್ನು ಕಾದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ರಣದಲ್ಲಿ ಮಡಿದನು. ಕುದುರೆದಂಡಿನೊಡನೆ ಹೊರಗಿದ್ದ ಪೂರ್ಣಯ್ಯನವರು ಇಂಗ್ಲಿಷರಿಗೆ ಶರಣಾದರು. ಅವರು ಒಳಗಿಂದೊಳಗೇ ಶತ್ರುಗಳೊಡನೆ ಕೂಡಿದ್ದರೆಂದು ಶಂಕಿಸುವವರು ಇಂದಿಗೂ ಉಂಟು. ತಕ್ಕ ಸಾಕ್ಷ್ಯವಿಲ್ಲದೆ ಇಂತಹ ಕಳಂಕವನ್ನು ಹೊರಿಸಲು ನಮ್ಮ ಮನಸ್ಸು ಒಪ್ಪದು. ಆದರೆ ಒಡೆಯನು ಬಿದ್ದ ಕೆಲವೇ ವಾರಗಳಲ್ಲಿ ಅವನನ್ನು ಗೆದ್ದವರ ಸೇವೆಗೆ ನಿಂತುದು ಎಲ್ಲರಿಂದ ಆಗುವ ಕೆಲಸವಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ.

ಆ ವರ್ಷದ ಜೂನ್ 22ರಂದು ಇಂಗ್ಲಿಷರೂ ನಿಜಾಮನೂ ಮಾಡಿಕೊಂಡ ಪಾಲಿನ ಒಪ್ಪಂದದಲ್ಲಿ ಕೊಯಮತ್ತೂರು ಸೀಮೆ ಕಂಪೆನಿಗೆ ಹೋಯಿತು. ಮೈಸೂರಿನ ಪರವಾಗಿ ಅದರಲ್ಲಿ ಕೈಹಾಕಿದವರು ಯಾರೂ ಇಲ್ಲ. ಘಟ್ಟದ ಮೇಲಿದ್ದು, ಕನ್ನಡವಾಡುತ್ತ, ಚಾಮರಾಜನಗರದ ಕಡೆಗೇ ಮುಖಮಾಡಿದ ನಮ್ಮ ಹಳ್ಳಿಗಳು ಕೊಯಮತ್ತೂರಿನ ಜೊತೆಗೆ ಸೇರಿದ ಕಥೆಯ ಮೂಲ ಅಲ್ಲಿದೆ. 1956ರಲ್ಲಿ ಕೊಳ್ಳೇಗಾಲ ಮೈಸೂರನ್ನು ಸೇರಿತು, ತಾಳವಾಡಿ ಸೇರಲಿಲ್ಲ.

ಉಳಿದ ರಾಜ್ಯಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಅರಸರಾದರು, ಪೂರ್ಣಯ್ಯನವರು ದಿವಾನರಾದರು. ವರ್ಷಕ್ಕೆ 7 ಲಕ್ಷ ವರಹ ಕಂಪೆನಿಗೆ ಸಲ್ಲಬೇಕು, ಬೊಕ್ಕಸ ಬರಿದು, ನಾಡು ಯುದ್ಧದಿಂದ ನೊಂದಿತ್ತು. ಮೊದಲು ಶಾಂತಿ, ಬಳಿಕ ಕಂದಾಯ, ಇದು ಅವರ ಕ್ರಮ. ಕೆಲಸವಿಲ್ಲದೆ ಅಲೆಯುತ್ತಿದ್ದ ಆಯುಧಪಾಣಿಗಳನ್ನು ಕಂದಾಚಾರದ ಕಾವಲಿಗೆ ಸೇರಿಸಿಕೊಂಡು, ಗಲಭೆ ಎಬ್ಬಿಸಬಲ್ಲವರ ಕೈಗೇ ಊರ ರಕ್ಷಣೆಯನ್ನು ಒಪ್ಪಿಸಿದುದು ಅವರ ಜಾಣ್ಮೆ. ಹಾಗೆಂದು ಅವರು ಮೃದುಸ್ವಭಾವದವರಲ್ಲ. 1802ರಲ್ಲಿ ದಂಗೆಯೆದ್ದ ಬಲಂನ ಪಾಳೆಯಗಾರನು ಗಲ್ಲಿಗೇರಿದನು.

1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೆ ಕಮಾನುಗಳಿಲ್ಲ. ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ, ನಮ್ಮ ದೇವಾಲಯದ ಮಂಟಪದ ರೀತಿಯೇ. ಎಷ್ಟೋ ಪ್ರವಾಹಗಳು ಬಂದು ಹೋದುವು, ಸೇತುವೆ ನಿಂತಿದೆ. ಆದರೆ ಕಾವೇರಿಯನ್ನು ಮೈಸೂರಿಗೆ ಹರಿಸಲು ಬಹಳ ಹಣ ಸುರಿದು ತೋಡಿಸಿದ ಕಾಲುವೆ ಫಲಿಸಲಿಲ್ಲ. ಇಂದು ಮೈಸೂರಿನಲ್ಲಿ ಪೂರ್ಣಯ್ಯ ನಾಲೆಯೆಂಬ ಹೆಸರಿನಲ್ಲಿ ಹರಿಯುವುದು ಊರಿನ ಕೊಳೆನೀರು.

1811ರ ವೇಳೆಗೆ ಬೊಕ್ಕಸದಲ್ಲಿ 2 ಕೋಟಿ ರೂಪಾಯಿಗೂ ಮಿಕ್ಕಿ ಶೇಖರವಾಗಿತ್ತು. ಇದನ್ನು ಕೊಂಡಾಡದವರಿಲ್ಲ. ಆದರೂ ಮೈಸೂರಿನ ಚರಿತ್ರೆ ಬರೆದ ರೈಸ್ ಮಹಾಶಯರು, ಪ್ರಜೆಗಳ ಕೈ ಸಂಕುಚಿತಗೊಂಡುದರಿಂದ ಸರ್ಕಾರದ ಕೈ ತುಂಬಿರಬಹುದೇ ಎಂದು ಸಂದೇಹಪಟ್ಟಿದ್ದಾರೆ. ಈ ಸಂದೇಹ ನಮಗೆ ನ್ಯಾಯವೆಂದೇ ತೋರುತ್ತದೆ. ಅಂಗಡಿಯ ಲೆಕ್ಕದಲ್ಲಿ ಉಳಿತಾಯವೇ ಲಾಭ. ರಾಜ್ಯದ ಲೆಕ್ಕದಲ್ಲಿ ರೈತನ ಕಣಜವನ್ನೂ ಎಣಿಸಬೇಕು. ಬಾಲ್ಯದಲ್ಲಿ ಕಲಿತ ಲೆಕ್ಕವನ್ನು ಅವರು ಕಡೆಯವರೆಗೂ ಬಿಡಲಿಲ್ಲವೇನೋ. ಅವರಿಗಾಗಿ ಒಂದು ಮಾತು ಹೇಳಬೇಕು: ಹಣ ಸಲ್ಲದಿದ್ದರೆ ರಾಜ್ಯಾಡಳಿತಕ್ಕೇ ಕೈಹಾಕುವ ಹಕ್ಕು ಒಪ್ಪಂದದಂತೆ ಕಂಪೆನಿಗೆ ಇತ್ತು. 1831ರಲ್ಲಿ ಕಂಪೆನಿ ಆಡಳಿತವನ್ನು ತಾನೇ ವಹಿಸಿಕೊಂಡಿತು. ಪೂರ್ಣಯ್ಯನವರ ಕಾಲದಲ್ಲಿ ಅದಕ್ಕೆ ಅವಕಾಶ ದೊರೆಯಲಿಲ್ಲ.

ಯಳಂದೂರಿನ ಜಹಗೀರು 1807ರಲ್ಲಿ ಅವರಿಗೆ ದೊರೆಯಿತು. ಅರಸರು ಪ್ರಾಯಕ್ಕೆ ಬಂದೊಡನೆ ದಿವಾನರಿಗೂ ಅವರಿಗೂ ಮನಸ್ತಾಪ ಬೆಳೆದು, 1811ರಲ್ಲಿ ಪೂರ್ಣಯ್ಯನವರು ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು. ಮರುವರ್ಷದ ಮಾರ್ಚ್ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು. ಜಹಗೀರು ವಂಶದಲ್ಲಿ ಉಳಿಯಿತು. ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.