ಗಡಿಯಾರ ಮುಂದಿಟ್ಟು ಕಾದಂಬರಿ ಬರೆದ ಅಂಚೆ ಅಧಿಕಾರಿ

ಬೆಳಗಿನ ಐದೂವರೆ ಗಂಟೆ. ಲಂಡನ್ನಿನ ಉತ್ತರಕ್ಕಿರುವ ವಾಲ್ಥಮ್ ಕ್ರಾಸ್ ಎಂಬ ಊರಿನ ಮನೆಯೊಂದರಲ್ಲಿ ಆಗಲೇ ದೀಪ ಉರಿಯುತ್ತಿದೆ. ಅಂಚೆ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಮೇಜಿನ ಮೇಲೆ ಗಡಿಯಾರವಿಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದಾರೆ. ಪ್ರತಿ ಕಾಲು ಗಂಟೆಗೆ 250 ಪದಗಳು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಎಂಟೂವರೆಯ ಹೊತ್ತಿಗೆ ಲೇಖನಿ ಕೆಳಗಿಟ್ಟರೆ ಕಾದಂಬರಿಕಾರ ಮರೆಯಾಗಿ ಸರ್ಕಾರಿ ನೌಕರ ಎದ್ದು ನಿಲ್ಲುತ್ತಾನೆ.

ಹೀಗೆ ಎರಡು ಬದುಕುಗಳನ್ನು ಒಂದೇ ದಿನದೊಳಗೆ ಹೊಂದಿಸಿಕೊಂಡವರು ಆಂಥನಿ ಟ್ರಾಲಪ್. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರರಲ್ಲಿ ಅಗ್ರಪಂಕ್ತಿಗೆ ಸೇರಿದ ಅವರು 47 ಕಾದಂಬರಿಗಳನ್ನು ರಚಿಸಿದರು. ಅವುಗಳಲ್ಲಿ ಹಲವು ಪ್ರಸಿದ್ಧ ಕೃತಿಗಳು ಅಂಚೆ ಇಲಾಖೆಯಲ್ಲಿ ಪೂರ್ಣಾವಧಿ ನೌಕರಿ ಮಾಡುತ್ತಲೇ ಹೊರಬಂದವು ಎಂಬುದು ಗಮನಾರ್ಹ.

ಶಿಸ್ತು ಅವರಿಗೆ ಹುಟ್ಟಿನಿಂದ ಬಂದುದಲ್ಲ. 1815ರ ಏಪ್ರಿಲ್ 24ರಂದು ಲಂಡನ್ನಿನಲ್ಲಿ ಜನಿಸಿದ ಟ್ರಾಲಪ್ ಅವರ ಬಾಲ್ಯ ಅವಮಾನಗಳಲ್ಲೇ ಕಳೆಯಿತು. ತಂದೆ ವಕೀಲಿಯಲ್ಲಿ ಸೋತರು, ಬೇಸಾಯದಲ್ಲೂ ಸೋತರು. ಸಿರಿವಂತರ ಮಕ್ಕಳು ಓದುತ್ತಿದ್ದ ಹ್ಯಾರೋ ಶಾಲೆಗೆ ಕೆಸರು ಹಾದಿಯಲ್ಲಿ ನಡೆದು ಬರುತ್ತಿದ್ದ ಬಡ ಹುಡುಗ ಸಹಪಾಠಿಗಳ ತಾತ್ಸಾರಕ್ಕೆ ಗುರಿಯಾದ. 1834ರಲ್ಲಿ ಸಾಲಗಾರರ ಕಾಟ ತಾಳಲಾರದೆ ಕುಟುಂಬವೇ ಬೆಲ್ಜಿಯಂನ ಬ್ರೂಜ್ ನಗರಕ್ಕೆ ಓಡಿಹೋಗಬೇಕಾಯಿತು.

ಆ ಸಂಸಾರವನ್ನು ಎತ್ತಿ ಹಿಡಿದವರು ತಾಯಿ ಫ್ರಾನ್ಸಿಸ್ ಟ್ರಾಲಪ್. ಐವತ್ತು ದಾಟಿದ ಮೇಲೆ ಲೇಖನಿ ಹಿಡಿದ ಆಕೆ, ಮನೆಯಲ್ಲಿ ಪತಿಯೂ ಮಗನೊಬ್ಬನೂ ಸಾವಿನ ಹಾಸಿಗೆಯಲ್ಲಿದ್ದಾಗ ಅವರ ಶುಶ್ರೂಷೆ ಮಾಡುತ್ತಲೇ ಪುಸ್ತಕ ಬರೆದು ಮನೆ ನಡೆಸಿದರು. ಮನೆಮಂದಿ ಏಳುವ ಮೊದಲೇ, ನಸುಕಿನ ನಾಲ್ಕು ಗಂಟೆಗೆ ಆಕೆಯ ಬರವಣಿಗೆ ಆರಂಭವಾಗುತ್ತಿತ್ತು. ಮಗ ಮುಂದೊಂದು ದಿನ ಹಿಡಿಯಲಿದ್ದ ದಾರಿಯನ್ನು ತಾಯಿ ಅಂದೇ ತುಳಿದಿದ್ದರು.

ಆದರೆ ಆ ದಿನ ಇನ್ನೂ ದೂರವಿತ್ತು. 1834ರಲ್ಲಿ ವರ್ಷಕ್ಕೆ 90 ಪೌಂಡ್ ಸಂಬಳದ ಗುಮಾಸ್ತರಾಗಿ ಲಂಡನ್ ಅಂಚೆ ಕಚೇರಿ ಸೇರಿದ ಟ್ರಾಲಪ್, ಕಚೇರಿಗೆ ತಡವಾಗಿ ಬರುವುದಕ್ಕೇ ಹೆಸರಾದರು. ಮೇಲಧಿಕಾರಿಗಳ ಬೈಗುಳ ನಿತ್ಯದ ಮಾತಾಯಿತು. ದರ್ಜಿಗೆ ಕೊಡಬೇಕಿದ್ದ 12 ಪೌಂಡ್ ಬಾಕಿ ಲೇವಾದೇವಿಗಾರನ ಕೈ ಸೇರಿ, ಅವನಿಂದ ಪಡೆದ ಸಣ್ಣ ಕೈಸಾಲವೂ ಕೂಡಿಕೊಂಡು, ಕೊನೆಗೆ 200 ಪೌಂಡ್ ಮೀರಿ ತೆರಬೇಕಾಯಿತು. ಕಾದಂಬರಿಕಾರನಾಗುವ ಕನಸೇನೋ ಇತ್ತು. ಆದರೆ ಏಳು ವರ್ಷಗಳು ಒಂದು ಅಧ್ಯಾಯವನ್ನೂ ಬರೆಯದೆ ಸರಿದುಹೋದವು.

1841ರಲ್ಲಿ ಬದುಕು ಮಗ್ಗುಲು ಬದಲಿಸಿತು. ಯಾರೂ ಹೋಗಲೊಪ್ಪದ ಐರ್ಲೆಂಡಿನ ಹುದ್ದೆಯನ್ನು ಟ್ರಾಲಪ್ ತಾವಾಗಿಯೇ ಕೇಳಿ ಪಡೆದು ಬನಾಹರ್ ಎಂಬ ಸಣ್ಣ ಊರಿಗೆ ತೆರಳಿದರು. ಈತ ಕೆಲಸಕ್ಕೆ ಬಾರದವನು ಎಂಬ ವರದಿ ಅವರಿಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು. ಹೊಸ ಮೇಲಧಿಕಾರಿ ಆ ವರದಿಯನ್ನು ಬದಿಗಿಟ್ಟು, ಕೆಲಸ ನೋಡಿ ಅಳೆಯಲು ನಿರ್ಧರಿಸಿದರು. ಕುದುರೆಯೇರಿ ಊರೂರು ಸುತ್ತುವ, ಲೆಕ್ಕಪತ್ರ ತಪಾಸಣೆ ಮಾಡುವ, ಜನರ ದೂರುಗಳನ್ನು ವಿಚಾರಿಸುವ ಕೆಲಸ ಟ್ರಾಲಪ್ ಅವರಿಗೆ ಒಗ್ಗಿತು. ಸೋಮಾರಿ ಗುಮಾಸ್ತ ದಕ್ಷ ಅಧಿಕಾರಿಯಾಗಿ ಬದಲಾದರು. 1844ರಲ್ಲಿ ರೋಸ್ ಹೆಸೆಲ್‌ಟೈನ್ ಅವರೊಂದಿಗೆ ವಿವಾಹವಾಯಿತು. 1847ರಲ್ಲಿ ಮೊದಲ ಕಾದಂಬರಿ ಪ್ರಕಟವಾಯಿತಾದರೂ ಓದುಗರು ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಇಲಾಖೆಯ ಕೆಲಸ ಮಾತ್ರ ಬೆಳೆಯುತ್ತಲೇ ಹೋಯಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ರಸ್ತೆ ಬದಿಯ ಅಂಚೆ ಪೆಟ್ಟಿಗೆ 1852ರಲ್ಲಿ ಜರ್ಸಿ ದ್ವೀಪದಲ್ಲಿ ಬಳಕೆಗೆ ಬಂದದ್ದು ಟ್ರಾಲಪ್ ಅವರ ಶಿಫಾರಸಿನಿಂದಲೇ. ವಾರಗಟ್ಟಲೆ ರೈಲಿನಲ್ಲಿ ಅಲೆಯಬೇಕಾದಾಗ ಅವರು ಪ್ರಯಾಣವನ್ನು ಶಪಿಸುತ್ತ ಕೂರಲಿಲ್ಲ. ತೊಡೆಯ ಮೇಲೆ ಬರೆಯುವ ಹಲಗೆಯಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆದರು. ಪತ್ನಿ ಅದನ್ನು ಶುದ್ಧ ಪ್ರತಿ ಮಾಡಿಕೊಟ್ಟರು. 1857ರಲ್ಲಿ ಪ್ರಕಟವಾಗಿ ಅವರಿಗೆ ಹೆಸರು ತಂದ 'ಬಾರ್ಚೆಸ್ಟರ್ ಟವರ್ಸ್' ಕಾದಂಬರಿಯ ಬಹುಭಾಗ ಹೀಗೆ ರೈಲು ಡಬ್ಬಿಗಳಲ್ಲಿ ಮೂಡಿದ್ದು.

ಅವರ ವಿಧಾನ ಸರಳವಾಗಿತ್ತು. ಹೊಸ ಕಾದಂಬರಿ ಆರಂಭಿಸುವಾಗ ಅದು ಮುಗಿಯಬೇಕಾದ ಅವಧಿಯನ್ನು ವಾರಗಳಾಗಿ ವಿಂಗಡಿಸಿದ ದಿನಚರಿಯೊಂದು ಸಿದ್ಧವಾಗುತ್ತಿತ್ತು. ವಾರಕ್ಕೆ ಸರಾಸರಿ 40 ಪುಟ, ಪುಟಕ್ಕೆ 250 ಪದ. ಪ್ರತಿದಿನ ಬರೆದ ಪುಟಗಳನ್ನು ಅದರಲ್ಲಿ ನಮೂದಿಸುತ್ತಿದ್ದರು. ಮೈಗಳ್ಳತನ ಮಾಡಿದ ದಿನದ ಖಾಲಿ ಜಾಗ ಅವರನ್ನೇ ದಿಟ್ಟಿಸುತ್ತಿತ್ತು. ಬೆಳಗಿನ ಮೂರು ಗಂಟೆಗಳಲ್ಲಿ ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರವಣಿಗೆಯನ್ನು ಓದಿಕೊಳ್ಳಲು ಮೀಸಲು. ತಮ್ಮನ್ನು ಎಬ್ಬಿಸಿ ಕಾಫಿ ತಂದುಕೊಡಲು ಹಳೆಯ ಸೇವಕನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚುವರಿಯಾಗಿ ಕೊಡುತ್ತಿದ್ದರು. ತಮ್ಮ ಯಶಸ್ಸಿಗೆ ಆ ಸೇವಕನಿಗೆ ತಾವು ಬೇರೆಲ್ಲರಿಗಿಂತ ಹೆಚ್ಚು ಋಣಿ ಎಂದೇ ಅವರು ಭಾವಿಸಿದ್ದರು.

1858ರಲ್ಲಿ ಅಂಚೆ ಒಪ್ಪಂದದ ಸಲುವಾಗಿ ಈಜಿಪ್ಟಿಗೆ ಹೊರಟಾಗ, ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸಿದರೂ ನಿತ್ಯದ ಪುಟಗಳು ತಪ್ಪಲಿಲ್ಲ. ಆ ಪ್ರವಾಸದಲ್ಲಿ 'ಡಾಕ್ಟರ್ ಥಾರ್ನ್' ಮುಗಿದ ಮರುದಿನವೇ ಮತ್ತೊಂದು ಕಾದಂಬರಿ ಆರಂಭವಾಯಿತು. ಇಷ್ಟಾದರೂ ಅವರು ದುಡಿಮೆಯ ಯಂತ್ರವಾಗಿರಲಿಲ್ಲ. ಚಳಿಗಾಲದಲ್ಲಿ ವಾರಕ್ಕೆ ಎರಡು ದಿನವಾದರೂ ಕುದುರೆಯೇರಿ ನರಿಬೇಟೆ, ಸಂಜೆ ಕ್ಲಬ್ಬಿನಲ್ಲಿ ಗೆಳೆಯರೊಡನೆ ಇಸ್ಪೀಟು. ಮುಂಜಾನೆ ಉಳಿಸಿದ ಹೊತ್ತನ್ನು ಅವರು ಖುಷಿಗೂ ಖರ್ಚು ಮಾಡಿದರು.

ನೌಕರಿ ತೊರೆಯುವಾಗಲೂ ಲೆಕ್ಕಾಚಾರ ತಪ್ಪಲಿಲ್ಲ. 60 ವರ್ಷದವರೆಗೆ ದುಡಿದರೆ ಸಿಗುವ ಪಿಂಚಣಿಗೆ ಸಮನಾದ ಆದಾಯವನ್ನು ಉಳಿತಾಯದಿಂದ ಗಳಿಸಿಕೊಂಡ ಮೇಲೆಯೇ ಕೆಲಸ ಬಿಡುವುದೆಂದು ಪತ್ನಿಯೊಡನೆ ಸಮಾಲೋಚಿಸಿ ಮೊದಲೇ ನಿಶ್ಚಯಿಸಿದ್ದರು. 1864ರಲ್ಲಿ ಬಯಸಿದ ಬಡ್ತಿ ಕಿರಿಯ ಸಹೋದ್ಯೋಗಿಯ ಪಾಲಾಯಿತು. ಆ ನೋವಿದ್ದರೂ ಕೋಪದ ಕೈಗೆ ಬುದ್ಧಿ ಕೊಡಲಿಲ್ಲ. ಮೂರು ವರ್ಷಗಳ ಬಳಿಕ, 1867ರಲ್ಲಿ, 33 ವರ್ಷಗಳ ಸೇವೆಗೆ ವಿದಾಯ ಹೇಳಿದರು.

1882ರ ಡಿಸೆಂಬರ್ 6ರಂದು ಟ್ರಾಲಪ್ ನಿಧನರಾದರು. ಮರುವರ್ಷ ಅವರ ಆತ್ಮಕಥೆ ಪ್ರಕಟವಾಯಿತು. ಗಡಿಯಾರ, ಪುಟಗಳ ಲೆಕ್ಕ, ಪ್ರತಿ ಪುಸ್ತಕದಿಂದ ಬಂದ ಹಣ, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದರು. ಸ್ಫೂರ್ತಿಗಾಗಿ ಕಾಯುವುದು ಅಸಂಬದ್ಧವೆಂದೂ, ಕಾದಂಬರಿಕಾರ ಚಮ್ಮಾರನಂತೆ ನಿತ್ಯ ದುಡಿಯಬೇಕೆಂದೂ ಅವರ ನಿಲುವು. ಕಲೆಯೆಂದರೆ ದೈವದತ್ತ ಆವೇಶ ಎಂದು ನಂಬಿದ್ದ ವಿಮರ್ಶಕರಿಗೆ ಇದು ರುಚಿಸಲಿಲ್ಲ. ಆಗಲೇ ಇಳಿಮುಖವಾಗಿದ್ದ ಅವರ ಕೀರ್ತಿಗೆ ಈ ಪ್ರಾಮಾಣಿಕತೆ ಮತ್ತಷ್ಟು ಪೆಟ್ಟು ಕೊಟ್ಟಿತು. ಕೃತಿಗಳನ್ನು ಸಾಧ್ಯವಾಗಿಸಿದ ಗಡಿಯಾರವೇ ಅವುಗಳ ವಿರುದ್ಧ ಸಾಕ್ಷಿ ಹೇಳಿದಂತಾಯಿತು.

ಆದರೆ ಓದುಗರು ಲೇಖಕನ ವೇಳಾಪಟ್ಟಿಯನ್ನು ಓದುವುದಿಲ್ಲ, ಪುಸ್ತಕವನ್ನು ಓದುತ್ತಾರೆ. 20ನೇ ಶತಮಾನದಲ್ಲಿ ಟ್ರಾಲಪ್ ಕಾದಂಬರಿಗಳು ಮತ್ತೆ ಜನರ ಕೈಗೆ ಬಂದವು. 1993ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವರ ಸ್ಮರಣ ಫಲಕ ಸ್ಥಾಪನೆಯಾಯಿತು. ಒಂದು ಕಾಲದಲ್ಲಿ ಕಚೇರಿಗೇ ಹೊತ್ತಿಗೆ ಸರಿಯಾಗಿ ಬಾರದಿದ್ದ ಗುಮಾಸ್ತನಿಗೆ ಆ ಸ್ಥಾನ ದೊರೆಯಲು ಸಾವಿನ ನಂತರ 110 ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.